‘ನನಗೇನೂ ಬೇಡ’ ಎನ್ನುವ ಮುಂಚೆ

ಡಿವೋರ್ಸ್‌ನ ಹೊಸ್ತಿಲಲ್ಲಿ ನಿಂತವರ ಬಾಯಲ್ಲಿ ಒಂದು ಮಾತನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. "ನನಗೇನೂ ಬೇಡ. ಇದರಿಂದ ಹೊರಗೆ ಬಂದರೆ ಸಾಕು." ಹೆಂಗಸರೂ ಹೇಳುತ್ತಾರೆ, ಗಂಡಸರೂ ಹೇಳುತ್ತಾರೆ. ಆ ಮಾತಿನಲ್ಲಿ ಸುಳ್ಳಿರುವುದಿಲ್ಲ. ಆ ಹೊತ್ತಿಗೆ ಅವರಿಗೆ ನಿಜವಾಗಿಯೂ ಏನೂ ಬೇಡ. ರಾತ್ರಿ ನಿದ್ದೆ ಬಂದರೆ ಸಾಕು, ಫೋನ್ ರಿಂಗಾದಾಗ ಎದೆ ಹೊಡೆದುಕೊಳ್ಳದಿದ್ದರೆ ಸಾಕು. ಸುತ್ತಲಿನವರು ಆ ಮಾತನ್ನು ಮೆಚ್ಚಿಕೊಳ್ಳುತ್ತಾರೆ. ಎಷ್ಟು ಸ್ವಾಭಿಮಾನ, ಎಷ್ಟು ದೊಡ್ಡ ಮನಸ್ಸು ಎನ್ನುತ್ತಾರೆ. ಅದೇ ವ್ಯಕ್ತಿ ಮನೆ ಯಾರ ಹೆಸರಲ್ಲಿದೆ, ಸಾಲ ಎಷ್ಟು ಉಳಿದಿದೆ, ನನ್ನ ಪಾಲಿಗೆ ಏನು ಬರುತ್ತದೆ ಎಂದು ಕೇಳಿದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಇಷ್ಟೆಲ್ಲಾ ದುಡ್ಡಿಗಾಗಿಯೇ ಇರಬೇಕು ಎಂದು ಗುಸುಗುಸು ಶುರುವಾಗುತ್ತದೆ.

ನನ್ನನ್ನು ಕಾಡುವುದು ಇದೇ. ಮದುವೆ ಮಾಡುವಾಗ ಪ್ರತಿ ಖರ್ಚಿಗೂ ಪಟ್ಟಿ ಹಾಕುತ್ತೇವೆ. ಮನೆ ಕೊಳ್ಳುವಾಗ ಇಪ್ಪತ್ತು ವರ್ಷದ ಕಂತನ್ನು ಲೆಕ್ಕ ಹಾಕುತ್ತೇವೆ. ಬದುಕಿನ ಅತಿ ದೊಡ್ಡ ಹಣಕಾಸಿನ ತಿರುವುಗಳಲ್ಲಿ ಡಿವೋರ್ಸ್ ಕೂಡ ಒಂದು. ಅದಕ್ಕೆ ಮಾತ್ರ ಲೆಕ್ಕ ಹಾಕಿಕೊಳ್ಳದೆ ಹೋಗಬೇಕು, ಹಾಕಿದರೆ ಅದು ಒಂದು ಕೀಳು ಬುದ್ಧಿ ಎಂಬಂತೆ ನಡೆದುಕೊಳ್ಳುತ್ತೇವೆ. ಹತ್ತಿರದವರ ಎರಡು ಮೂರು ಡಿವೋರ್ಸ್‌ಗಳನ್ನು ಪಕ್ಕದಲ್ಲಿ ಕೂತು ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ವಕೀಲರ ಶುಲ್ಕಕ್ಕಿಂತ, ಕೋರ್ಟಿನ ಓಡಾಟಕ್ಕಿಂತ ಜಾಸ್ತಿ ದುಬಾರಿಯಾಗುವುದು ಈ ಸಂಕೋಚ. ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದ ಹೊತ್ತಿನಲ್ಲಿ ಕೇಳದೆ ಹೋದರೆ, ಅದರ ಕಂತು ಹತ್ತು ಹದಿನೈದು ವರ್ಷ ಹರಿಯುತ್ತದೆ.

ಇಲ್ಲಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಡೆತ, ಬೆದರಿಕೆ, ಜೀವಭಯ ಇರುವ ಮನೆಯಲ್ಲಿ ಈ ಬರಹದ ಕ್ರಮ ನಡೆಯುವುದಿಲ್ಲ. ಅಲ್ಲಿ ಮೊದಲು ಹೊರಗೆ ಬರಬೇಕು, ಲೆಕ್ಕ ಆಮೇಲೆ. ಭಾರತದಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಹೆಂಡತಿ ಡಿವೋರ್ಸ್ ಕೇಳದೆಯೇ ವಾಸದ ಹಕ್ಕನ್ನೂ ಖರ್ಚಿನ ಹಣವನ್ನೂ ಕೇಳಬಹುದು. ನಾನು ಬರೆಯುತ್ತಿರುವುದು, ಇಬ್ಬರೂ ಕೂತು ಮಾತಾಡುವಷ್ಟಾದರೂ ಸಾಧ್ಯವಿರುವ, ಆದರೆ ಮಾತಾಡಲು ಮನಸ್ಸಿಲ್ಲದ ಮನೆಗಳ ಬಗ್ಗೆ.

ಒಂದು ಮನೆ ಎರಡಾದಾಗ

ಡಿವೋರ್ಸ್‌ಗೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿದರೆ ಎಲ್ಲರೂ ವಕೀಲರ ಶುಲ್ಕವನ್ನು ಹೇಳುತ್ತಾರೆ. ಅದು ಖರ್ಚಿನ ಕಣ್ಣಿಗೆ ಕಾಣುವ ತುದಿ ಅಷ್ಟೇ. ನಿಜವಾದ ಖರ್ಚು ಇರುವುದು ಸರಳವಾದ ಒಂದು ಸಂಗತಿಯಲ್ಲಿ. ಇಷ್ಟು ದಿನ ಒಂದು ಮನೆ ನಡೆಸುತ್ತಿದ್ದ ಅದೇ ದುಡ್ಡು ಇನ್ನು ಮೇಲೆ ಎರಡು ಮನೆ ನಡೆಸಬೇಕು. ಎರಡು ಬಾಡಿಗೆ, ಎರಡು ಫ್ರಿಜ್, ಎರಡು ಇಂಟರ್ನೆಟ್ ಬಿಲ್ಲು, ಮಕ್ಕಳಿದ್ದರೆ ಎರಡು ಕಡೆ ಹಾಸಿಗೆ. ಸಂಬಳ ಮಾತ್ರ ಡಿವೋರ್ಸ್ ಆಯಿತೆಂದು ಏರುವುದಿಲ್ಲ.

ಇದನ್ನು ಅಂದಾಜು ಮಾಡಲು ಅರ್ಥಶಾಸ್ತ್ರಜ್ಞರ ಬಳಿ ಒಂದು ಅಳತೆ ಇದೆ. ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಓಇಸಿಡಿ ಎಂಬ ಒಕ್ಕೂಟದ ಹೆಸರಿನಲ್ಲಿ ಕರೆಯುವ, ಯುರೋಪಿನ ದೇಶಗಳು ಮನೆಗಳ ಜೀವನಮಟ್ಟವನ್ನು ಹೋಲಿಸಲು ಬಳಸುವ ಲೆಕ್ಕ ಅದು. ಮನೆಯ ಮೊದಲ ದೊಡ್ಡವರಿಗೆ 1 ಅಂಕ, ಎರಡನೆಯವರಿಗೆ 0.5, ಹದಿನಾಲ್ಕರೊಳಗಿನ ಪ್ರತಿ ಮಗುವಿಗೆ 0.3. ಎರಡನೆಯವರಿಗೆ ಅರ್ಧ ಯಾಕೆಂದರೆ ಸೂರು, ಒಲೆ, ದೀಪ ಎಲ್ಲ ಹಂಚಿಕೆಯಾಗುತ್ತವೆ. ಈಗ ಗಂಡ, ಹೆಂಡತಿ, ಎರಡು ಚಿಕ್ಕ ಮಕ್ಕಳು ಇರುವ ಮನೆಯನ್ನು ತೆಗೆದುಕೊಳ್ಳಿ. ಒಟ್ಟು 2.1. ಬೇರೆಯಾದ ಮೇಲೆ ಮಕ್ಕಳ ಜೊತೆ ಒಬ್ಬರಿರುವ ಮನೆಗೆ 1.6, ಒಂಟಿಯಾಗಿರುವವರ ಮನೆಗೆ 1. ಒಟ್ಟು 2.6. ಅಂದರೆ ಮೊದಲಿನ ಹಾಗೆಯೇ ಬದುಕಲು ಸುಮಾರು ಶೇಕಡಾ 24ರಷ್ಟು ಜಾಸ್ತಿ ಆದಾಯ ಬೇಕು. ಮಕ್ಕಳಿಲ್ಲದ ಜೋಡಿಯಾದರೆ 1.5 ಇದ್ದದ್ದು 2 ಆಗುತ್ತದೆ, ಮೂರನೇ ಒಂದರಷ್ಟು ಜಾಸ್ತಿ. ನಿಮ್ಮ ಮನೆಯ ಲೆಕ್ಕ ಇದಕ್ಕೆ ಸರಿಯಾಗಿ ಹೊಂದದೇ ಇರಬಹುದು. ಮಕ್ಕಳು ಎರಡೂ ಮನೆಯಲ್ಲಿ ದಿನ ಕಳೆಯುವುದಾದರೆ ಖರ್ಚು ಇದಕ್ಕಿಂತ ಏರುತ್ತದೆ. ಆದರೆ ದಿಕ್ಕು ಮಾತ್ರ ಸ್ಪಷ್ಟ. ಇಬ್ಬರೂ ನ್ಯಾಯವಾಗಿ ನಡೆದುಕೊಂಡರೂ, ಯಾರೂ ಯಾರಿಗೂ ಮೋಸ ಮಾಡದಿದ್ದರೂ, ಇಬ್ಬರ ಕೈಯೂ ಬಿಗಿಯಾಗುತ್ತದೆ. ಈ ಲೆಕ್ಕ ಮೊದಲೇ ಗೊತ್ತಿದ್ದರೆ ಆಮೇಲಿನ ಕೊರತೆಗೆ ಒಬ್ಬರು ಇನ್ನೊಬ್ಬರ ದುಷ್ಟತನವನ್ನು ಕಾರಣ ಮಾಡುವುದು ಸ್ವಲ್ಪವಾದರೂ ಕಡಿಮೆಯಾಗುತ್ತದೆ ಎಂದು ನಾನು ನಂಬಿದ್ದೇನೆ.

ಈ ಬಿಗಿ ಇಬ್ಬರಿಗೂ ಸಮನಾಗಿ ಬರುವುದಿಲ್ಲ ಎನ್ನುವುದೂ ನಿಜ. 1985ರಲ್ಲಿ ಸಮಾಜಶಾಸ್ತ್ರಜ್ಞೆ ಲೆನೋರ್ ವೈಟ್ಜ್‌ಮನ್ ಕ್ಯಾಲಿಫೋರ್ನಿಯಾದ ಡಿವೋರ್ಸ್‌ಗಳನ್ನು ಅಧ್ಯಯನ ಮಾಡಿ, ಬೇರೆಯಾದ ಮೊದಲ ವರ್ಷದಲ್ಲಿ ಹೆಂಗಸರ ಜೀವನಮಟ್ಟ ಶೇಕಡಾ 73ರಷ್ಟು ಕುಸಿಯುತ್ತದೆ, ಗಂಡಸರದ್ದು ಶೇಕಡಾ 42ರಷ್ಟು ಏರುತ್ತದೆ ಎಂದು ಬರೆದರು. ಆ ಅಂಕಿ ಲೋಕವೆಲ್ಲ ಸುತ್ತಿತು. ಅದು ತಪ್ಪಾಗಿತ್ತು. 1996ರಲ್ಲಿ ರಿಚರ್ಡ್ ಪೀಟರ್ಸನ್ ಅದೇ ಮಾಹಿತಿಯನ್ನು ಮತ್ತೆ ಲೆಕ್ಕ ಹಾಕಿದಾಗ ಬಂದದ್ದು ಹೆಂಗಸರಿಗೆ ಶೇಕಡಾ 27ರ ಇಳಿಕೆ, ಗಂಡಸರಿಗೆ ಶೇಕಡಾ 10ರ ಏರಿಕೆ. ನಾನು ಈ ಕತೆಯನ್ನು ಹೇಳುವುದು ಎರಡು ಕಾರಣಕ್ಕೆ. ಡಿವೋರ್ಸ್ ಎಂದರೆ ಪಾತಾಳಕ್ಕೆ ಬಿದ್ದ ಹಾಗೆ ಎಂದು ಹೆದರಿಸುವವರು ಇರುತ್ತಾರೆ. ಅಷ್ಟು ಹೆದರಬೇಕಾಗಿಲ್ಲ. ಆದರೆ ತಿದ್ದಿದ ಅಂಕಿಯೂ ಸಣ್ಣದಲ್ಲ. ಬದುಕಿನ ಕಾಲು ಭಾಗ ಕೈಬಿಟ್ಟು ಹೋಗುವುದಕ್ಕೆ ತಯಾರಿ ಬೇಕೇ ಬೇಕು. ಕೆಲಸ ಬಿಟ್ಟು ಮಕ್ಕಳನ್ನು ನೋಡಿಕೊಂಡವರು ಯಾರೋ ಅವರಿಗೆ ಈ ಇಳಿಕೆ ಜಾಸ್ತಿ, ಅವರು ಗಂಡಸಾಗಿದ್ದರೂ ಅಷ್ಟೇ.

ಊಟದ ಮೇಜಿನ ಮೇಲೆ ಹರಡಿದ ಕಾಗದ

ನನ್ನ ಚಿಕ್ಕಮ್ಮನ ಮಗಳು ನನಗಿಂತ ದೊಡ್ಡವಳು. ನಾನು ಅವಳನ್ನು ಅಕ್ಕ ಎಂದೇ ಕರೆಯುವುದು. ಅವಳೂ ಭಾವನೂ ಬೇರೆಯಾಗುವುದು ಎಂದು ತೀರ್ಮಾನವಾದ ಮೇಲೆ ಒಂದು ಸಂಜೆ ನನ್ನನ್ನು ಕರೆದಳು. ಮಕ್ಕಳು ಮಲಗಿದ ಮೇಲೆ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲವನ್ನು ಬೋರಲು ಹಾಕಿದಳು. ವಿಮೆಯ ಕಾಗದ, ಹಳೆಯ ತೆರಿಗೆ ರಿಟರ್ನ್, ಶಾಲೆಯ ರಸೀದಿ, ಯಾವುದೋ ಗ್ಯಾರಂಟಿ ಕಾರ್ಡು ಎಲ್ಲ ಒಟ್ಟಿಗೆ ಬಿದ್ದವು. "ನನಗೇನೂ ಬೇಡ ಕಣೋ. ಆದರೆ ವಕೀಲರು ಏನೇನೋ ಕೇಳ್ತಿದ್ದಾರೆ. ಇದರಲ್ಲಿ ಏನಿದೆ ಅಂತಾನೇ ನನಗೆ ಗೊತ್ತಿಲ್ಲ" ಎಂದಳು.

ನಾವು ಮೊದಲು ತಿಂಗಳ ಖರ್ಚು ಬರೆಯಲು ಕೂತೆವು. ಅಲ್ಲಿ ಅಕ್ಕ ನಿಸ್ಸೀಮಳು. ಮಕ್ಕಳ ಶೂ ಎಷ್ಟು ದಿನ ಬಾಳುತ್ತದೆ, ಗ್ಯಾಸ್ ಯಾವಾಗ ಮುಗಿಯುತ್ತದೆ, ಔಷಧಿಗೆ ಎಷ್ಟು ಎಲ್ಲ ಬಾಯಿಪಾಠ. ಒಂದೂ ತಡವರಿಸಲಿಲ್ಲ. ಆಮೇಲೆ ನಾನು ಮನೆ ಸಾಲ ಎಷ್ಟು ಉಳಿದಿದೆ ಎಂದು ಕೇಳಿದೆ. ಗೊತ್ತಿಲ್ಲ. ಭಾವನ ಭವಿಷ್ಯ ನಿಧಿಯಲ್ಲಿ ಎಷ್ಟಿದೆ, ನಿನ್ನ ಹೆಸರಲ್ಲಿ ಯಾವ ವಿಮೆ ಇದೆ, ಅದಕ್ಕೆ ನಾಮಿನಿ ಯಾರು? ಗೊತ್ತಿಲ್ಲ. ಭಾವ ಏನನ್ನೂ ಮುಚ್ಚಿಟ್ಟಿರಲಿಲ್ಲ. ಅದು ಅವರ ಕೆಲಸ, ಇದು ಇವಳ ಕೆಲಸ ಎಂದು ಯಾವತ್ತೋ ಹಂಚಿಕೆಯಾಗಿತ್ತು, ಅಷ್ಟೇ. ಎಷ್ಟೋ ಮನೆಗಳಲ್ಲಿ ಹೀಗೇ ಅಲ್ವಾ? ದಿನದ ಖರ್ಚು ಒಬ್ಬರ ತಲೆಯಲ್ಲಿ, ಆಸ್ತಿ ಮತ್ತು ಸಾಲ ಇನ್ನೊಬ್ಬರ ತಲೆಯಲ್ಲಿ. ಮದುವೆ ನಡೆಯುತ್ತಿರುವ ತನಕ ಇದು ಅನುಕೂಲ. ಮುರಿದ ದಿನ, ಅರ್ಧ ಲೆಕ್ಕ ಗೊತ್ತಿರುವವರು ಪೂರ್ತಿ ಲೆಕ್ಕಕ್ಕೆ ಸಹಿ ಹಾಕಬೇಕಾಗುತ್ತದೆ.

ರಾತ್ರಿ ತುಂಬಾ ಹೊತ್ತಾದ ಮೇಲೆ ಅಕ್ಕ ಒಂದು ಮಾತು ಹೇಳಿದಳು. "ತಿಂಗಳದ್ದು ಬರೆದ್ವಿ. ವರ್ಷಕ್ಕೊಮ್ಮೆ ಬರೋದು ಬರೆದೇ ಇಲ್ಲ." ಅದು ದೊಡ್ಡ ಮಾತಾಗಿತ್ತು. ಶಾಲೆಯ ವಾರ್ಷಿಕ ಶುಲ್ಕ, ವಿಮೆಯ ಕಂತು, ಮನೆ ತೆರಿಗೆ, ಗಾಡಿ ರಿಪೇರಿ, ಹಲ್ಲಿನ ಡಾಕ್ಟರು, ಕೆಟ್ಟ ಫೋನು. ಇವನ್ನೆಲ್ಲ ಹನ್ನೆರಡರಿಂದ ಭಾಗಿಸಿ ಸೇರಿಸಿದಾಗ ತಿಂಗಳ ಮೊತ್ತ ನಾವಿಬ್ಬರೂ ಅಂದುಕೊಂಡದ್ದಕ್ಕಿಂತ ಎಷ್ಟೋ ಮೇಲೆ ಹೋಯಿತು. ಜೀವನಾಂಶದ ಮಾತುಕತೆಗೆ ಹೋಗುವವರು ಮೊದಲ ಪಟ್ಟಿಯನ್ನು ಮಾತ್ರ ಹಿಡಿದುಕೊಂಡು ಹೋಗುತ್ತಾರೆ. ಆಮೇಲೆ ಶಾಲೆ ಶುರುವಾಗುವ ತಿಂಗಳಲ್ಲಿ ಸಾಲ ಮಾಡುತ್ತಾರೆ.

ಅಂಥ ಒಂದು ರಾತ್ರಿಯ ಕೆಲಸವನ್ನು ನಾನು ಯಾರಿಗಾದರೂ ಹೇಳಬೇಕಾದರೆ ಹೀಗೆ ಹೇಳುತ್ತೇನೆ. ಹಿಂದಿನ ಮೂರು ವರ್ಷದ ತೆರಿಗೆ ಕಾಗದ, ಎಲ್ಲ ಖಾತೆಗಳ ಒಂದು ವರ್ಷದ ಹೇಳಿಕೆ, ಸಾಲಗಳ ಬಾಕಿ, ಮನೆ ಅಥವಾ ಜಮೀನಿನ ಪತ್ರ, ಭವಿಷ್ಯ ನಿಧಿ ಮತ್ತು ಪಿಂಚಣಿಯ ವಿವರ, ವಿಮೆ, ಕ್ರೆಡಿಟ್ ಕಾರ್ಡು, ಯಾರಿಗಾದರೂ ಜಾಮೀನು ಹಾಕಿದ್ದರೆ ಅದು. ಇಷ್ಟರ ನಕಲು ನಿಮ್ಮ ಕೈಯಲ್ಲಿರಲಿ. ಜಾಮೀನಿನ ಸಂಗತಿಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಅದು ಬೇರೆಯವರ ಸಾಲವಾದ್ದರಿಂದ. ನಿಮ್ಮ ಒಬ್ಬರದೇ ಹೆಸರಿನಲ್ಲಿ ಒಂದು ಖಾತೆ ಇರಲಿ. ಆರು ತಿಂಗಳು ಉಸಿರಾಡುವಷ್ಟಾದರೂ ಹಣ ಅದರಲ್ಲಿ ನಿಧಾನಕ್ಕೆ ಸೇರಲಿ. ಹಾಗೆಂದು ಜಂಟಿ ಖಾತೆಯನ್ನು ಒಂದೇ ರಾತ್ರಿ ಬರಿದು ಮಾಡಬೇಡಿ. ಇನ್ನೊಬ್ಬರ ಫೋನು, ಮೇಲ್ ಕದ್ದು ತೆರೆಯಬೇಡಿ. ಅದು ಅಪರಾಧವಾಗಬಹುದು, ಕೋರ್ಟಿನಲ್ಲಿ ನಿಮ್ಮ ಮಾತಿನ ತೂಕವನ್ನೂ ಕಳೆಯುತ್ತದೆ.

ಕಾಗದ ಸಿಗದಿದ್ದರೆ ಕೇಳುವ ದಾರಿಗಳಿವೆ. ಭಾರತದ ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ, ಜೀವನಾಂಶದ ಪ್ರಶ್ನೆ ಬಂದಾಗ ಇಬ್ಬರೂ ತಮ್ಮ ಆಸ್ತಿ ಮತ್ತು ಸಾಲಗಳ ಅಫಿಡವಿಟ್ ಸಲ್ಲಿಸಲೇಬೇಕು ಎಂದಿತು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕವಾಗಬೇಕು ಎಂದೂ ಹೇಳಿತು. ಬಚ್ಚಿಟ್ಟರೂ ಅದು ಶಾಶ್ವತವಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರಲ್ಲಿ ಶಾರ್‌ಲ್ಯಾಂಡ್ ಮತ್ತು ಗೋಹಿಲ್ ಎಂಬ ಇಬ್ಬರು ಹೆಂಗಸರ ಪ್ರಕರಣಗಳಲ್ಲಿ, ಗಂಡ ಆಸ್ತಿಯ ಬಗ್ಗೆ ಸುಳ್ಳು ಹೇಳಿದ್ದರಿಂದ ಮುಗಿದ ಒಪ್ಪಂದವನ್ನು ಮತ್ತೆ ತೆರೆಯಲು ಬಿಟ್ಟಿತು. ಆದರೆ ಮತ್ತೆ ತೆರೆಸಲು ಆ ಹೆಂಗಸರು ವರ್ಷಗಟ್ಟಲೆ ಹೋರಾಡಬೇಕಾಯಿತು. ಮೊದಲೇ ಕೇಳಿ ತಿಳಿದುಕೊಳ್ಳುವುದು ಅದಕ್ಕಿಂತ ಅಗ್ಗ.

ಕೋಪಕ್ಕೂ ಶುಲ್ಕವಿದೆ

ವಕೀಲರ ಖರ್ಚಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಊರಿಂದ ಊರಿಗೆ, ವಕೀಲರಿಂದ ವಕೀಲರಿಗೆ ಬದಲಾಗುತ್ತದೆ. ಬದಲಾಗದ ಒಂದು ಸಂಗತಿ ಇದೆ. ಇಬ್ಬರೂ ಒಪ್ಪಿದ ವಿಷಯಕ್ಕೆ ಖರ್ಚು ಕಡಿಮೆ, ಜಗಳವಾಡುವ ಪ್ರತಿ ವಿಷಯಕ್ಕೂ ಬೇರೆ ಬೇರೆ ಬಿಲ್ಲು. ಭಾರತದಲ್ಲಿ ಹಿಂದೂ ವಿವಾಹ ಕಾಯ್ದೆಯಡಿ ಪರಸ್ಪರ ಒಪ್ಪಿಗೆಯ ಡಿವೋರ್ಸ್‌ಗೆ ಒಂದು ವರ್ಷ ಬೇರೆ ಇರಬೇಕು, ಅರ್ಜಿಯ ಮೇಲೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ಸರಿಯಾದ ಸಂದರ್ಭದಲ್ಲಿ ಕೋರ್ಟ್ ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಂಗ್ಲೆಂಡಿನಲ್ಲಿ 2022ರ ಏಪ್ರಿಲ್‌ನಿಂದ ಯಾರ ತಪ್ಪು ಎಂದು ಹೇಳದೆಯೇ ಬೇರೆಯಾಗಬಹುದು. ಒಪ್ಪಿಗೆ ಇಲ್ಲದ ಪ್ರಕರಣ ಎಲ್ಲಿಯೇ ಆದರೂ ಎಷ್ಟು ವರ್ಷ ಎಳೆಯುತ್ತದೆ ಎನ್ನುವುದಕ್ಕೆ ಮಿತಿಯಿಲ್ಲ. ಅಷ್ಟೂ ವರ್ಷ ಇಬ್ಬರ ರಜೆ, ಪ್ರಯಾಣ, ಕೆಲಸದಲ್ಲಿ ಕೈತಪ್ಪಿದ ಅವಕಾಶ ಎಲ್ಲ ಖರ್ಚಿನ ಪಟ್ಟಿಗೇ ಸೇರುತ್ತವೆ.

ನನಗೆ ಗೊತ್ತಿರುವ ಒಂದು ಜೋಡಿ ಸೋಫಾ, ಟಿವಿ, ಪುಸ್ತಕದ ಕಪಾಟಿಗಾಗಿ ವಕೀಲರ ಮೂಲಕ ಪತ್ರ ಬರೆದುಕೊಂಡರು. ಹೊಸದನ್ನು ಕೊಂಡಿದ್ದರೂ ಅಷ್ಟು ಖರ್ಚಾಗುತ್ತಿರಲಿಲ್ಲ. ಅವರು ಸಣ್ಣ ಮನಸ್ಸಿನವರಲ್ಲ. ಹೇಳಿಕೊಳ್ಳಲಾಗದ ನೋವು ಎಲ್ಲಾದರೂ ಹೊರಗೆ ಬರಬೇಕಲ್ಲ, ಸೋಫಾದ ಮೇಲೆ ಬಂತು. ನೋವಿಗೆ ಕಿವಿಗೊಡಲು ಗೆಳೆಯರಿದ್ದಾರೆ, ಆಪ್ತ ಸಲಹೆಗಾರರಿದ್ದಾರೆ. ಗಂಟೆಗೆ ಇಷ್ಟು ಎಂದು ಶುಲ್ಕ ಪಡೆಯುವ ವಕೀಲರ ಮುಂದೆ ಅದನ್ನು ಹೇಳಿಕೊಂಡರೆ ನೋವೂ ಕಡಿಮೆಯಾಗುವುದಿಲ್ಲ, ಪ್ರಕರಣವೂ ಮುಂದೆ ಹೋಗುವುದಿಲ್ಲ. ಇದನ್ನು ಮೊದಲು ಕಂಡುಕೊಂಡವರು ವಕೀಲರೇ. ಅಮೆರಿಕದ ಮಿನೆಸೋಟಾದಲ್ಲಿ ಸ್ಟುವರ್ಟ್ ವೆಬ್ ಎಂಬ ವಕೀಲರು 1990ರಲ್ಲಿ, ಇನ್ನು ಮುಂದೆ ತಾನು ಡಿವೋರ್ಸ್‌ಗಾಗಿ ಕೋರ್ಟಿಗೆ ಹೋಗುವುದಿಲ್ಲ, ಮಾತುಕತೆಗೆ ಮಾತ್ರ ಬರುತ್ತೇನೆ ಎಂದರು. ಮಾತು ಮುರಿದರೆ ಎರಡೂ ಕಡೆಯ ವಕೀಲರು ಹಿಂದೆ ಸರಿಯಬೇಕು ಎನ್ನುವುದು ಆ ಪದ್ಧತಿಯ ಷರತ್ತು. ಆಗ ಜಗಳ ಬೆಳೆಸಿದರೆ ಯಾರಿಗೂ ಲಾಭವಿಲ್ಲ. ಆ ಪದ್ಧತಿ ಇಲ್ಲದ ಕಡೆಯೂ ಮಧ್ಯಸ್ಥಿಕೆ ಕೇಂದ್ರಗಳಿವೆ. ಅಲ್ಲಿಗೆ ಹೋಗುವ ಮುಂಚೆ, ಯಾವ ಮೂರು ವಿಷಯ ನನಗೆ ಬಿಡಲಾಗದ್ದು, ಯಾವುದನ್ನು ಬಿಟ್ಟರೂ ಪರವಾಗಿಲ್ಲ ಎಂದು ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದ ಹಾಗೆ.

ಸಮಪಾಲು ಎನ್ನುವುದು ಅಷ್ಟು ಸುಲಭವಲ್ಲ

ಡಿವೋರ್ಸ್ ಆದರೆ ಅರ್ಧ ಆಸ್ತಿ ಸಿಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಸಿನಿಮಾ ಮತ್ತು ವಿದೇಶದ ಸುದ್ದಿ ನೋಡಿ ಬಂದ ನಂಬಿಕೆ ಇದು. ಕ್ಯಾಲಿಫೋರ್ನಿಯಾದಂಥ ಕಡೆ ಮದುವೆಯಾದ ಮೇಲೆ ದುಡಿದದ್ದು ಇಬ್ಬರದ್ದೂ ಎಂದೇ ಕಾನೂನು ನೋಡುತ್ತದೆ. ಇಂಗ್ಲೆಂಡಿನಲ್ಲಿ 2000ದ ವೈಟ್ ವಿರುದ್ಧ ವೈಟ್ ತೀರ್ಪಿನ ನಂತರ, ಹೊರಗೆ ದುಡಿದವರು ಮತ್ತು ಮನೆ ನೋಡಿಕೊಂಡವರ ನಡುವೆ ಭೇದ ಮಾಡಬಾರದು, ಸಮಪಾಲಿನ ಅಳತೆಗೋಲಿನಲ್ಲಿ ನೋಡಬೇಕು ಎಂದಾಯಿತು. ಭಾರತದಲ್ಲಿ, ಗೋವಾದ ಸಿವಿಲ್ ಕಾನೂನನ್ನು ಬಿಟ್ಟರೆ, ಅಂಥ ಅರ್ಧ ಪಾಲಿನ ನಿಯಮವೇ ಇಲ್ಲ. ಯಾರ ಹೆಸರಲ್ಲಿದೆಯೋ ಅದು ಅವರದ್ದು. ಜೀವನಾಂಶ ಬೇರೆ ಸಂಗತಿ, ಅದನ್ನು ಇಬ್ಬರ ಆದಾಯ, ಅಗತ್ಯ, ಪರಿಸ್ಥಿತಿ ನೋಡಿ ಕೋರ್ಟ್ ನಿರ್ಧರಿಸುತ್ತದೆ. ಹಾಗಾಗಿ ಇಪ್ಪತ್ತು ವರ್ಷ ತನ್ನ ಸಂಬಳವನ್ನು ಮನೆಯ ಖರ್ಚಿಗೆ ಹಾಕಿ, ಗಂಡನ ಸಂಬಳದಿಂದ ಕಂತು ಕಟ್ಟಿಸಿದ ಹೆಂಡತಿಯ ಕೈಯಲ್ಲಿ ಕೊನೆಗೆ ಯಾವ ಪತ್ರವೂ ಇರುವುದಿಲ್ಲ. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ. ಕಾನೂನು ಬದಲಾಗಬೇಕು ಎಂದು ಮನಸಾರೆ ಬಯಸುತ್ತೇನೆ. ಅಲ್ಲಿಯ ತನಕ, ಕಂತಿಗೆ ನಿಮ್ಮ ಹಣವೂ ಹೋಗಿದೆ ಎನ್ನುವುದಕ್ಕೆ ಬ್ಯಾಂಕಿನ ದಾಖಲೆ ಇರುವಂತೆ ನೋಡಿಕೊಳ್ಳಿ, ಮದುವೆ ಚೆನ್ನಾಗಿರುವಾಗಲೇ.

ಪಾಲು ಸಮವಾಗಿ ಬಂದರೂ ಅದರ ತೂಕ ಸಮವಲ್ಲ. ಒಬ್ಬರಿಗೆ ಮನೆ, ಇನ್ನೊಬ್ಬರಿಗೆ ಅಷ್ಟೇ ಬೆಲೆಯ ಠೇವಣಿ ಮತ್ತು ಪಿಂಚಣಿ ಎಂದುಕೊಳ್ಳಿ. ಕಾಗದದ ಮೇಲೆ ಸರಿಯಿದೆ. ಆದರೆ ಮನೆಗೆ ತೆರಿಗೆ ಕಟ್ಟಬೇಕು, ಸೋರಿದರೆ ದುರಸ್ತಿ ಮಾಡಿಸಬೇಕು, ಮಗುವಿಗೆ ಜ್ವರ ಬಂದ ರಾತ್ರಿ ಒಂದು ಕೋಣೆಯನ್ನು ಮಾರಿ ಆಸ್ಪತ್ರೆಗೆ ಕಟ್ಟಲಾಗುವುದಿಲ್ಲ. ಮಕ್ಕಳು ಹುಟ್ಟಿ ಬೆಳೆದ ಮನೆ ಬಿಡಬಾರದು ಎಂಬ ಪ್ರೀತಿಯಿಂದ ಮನೆಯನ್ನು ಹಿಡಿದುಕೊಂಡು, ಅದನ್ನು ಉಳಿಸಿಕೊಳ್ಳಲಾಗದೆ ಎರಡು ವರ್ಷದಲ್ಲಿ ಅಗ್ಗಕ್ಕೆ ಮಾರಿದವರನ್ನು ನೋಡಿದ್ದೇನೆ. ಇನ್ನೊಂದು ಕಡೆ ಪಿಂಚಣಿಯನ್ನು ಜನ ಆಸ್ತಿ ಎಂದೇ ಎಣಿಸುವುದಿಲ್ಲ. ಜರ್ಮನಿಯಲ್ಲಿ 1977ರಿಂದ, ಮದುವೆಯ ವರ್ಷಗಳಲ್ಲಿ ಇಬ್ಬರೂ ಗಳಿಸಿದ ಪಿಂಚಣಿಯ ಹಕ್ಕನ್ನು ಸೇರಿಸಿ ಹಂಚುವ ವ್ಯವಸ್ಥೆ ಇದೆ. ಜಪಾನ್ 2007ರಲ್ಲಿ ಪಿಂಚಣಿ ಹಂಚಿಕೆಯನ್ನು ತಂದಿತು. ಮನೆ ನೋಡಿಕೊಂಡವರಿಗೆ ಮುಪ್ಪಿನಲ್ಲಿ ಏನೂ ಇರುವುದಿಲ್ಲ ಎನ್ನುವುದನ್ನು ಆ ದೇಶಗಳು ಕಂಡುಕೊಂಡವು. ನಿಮ್ಮ ಕಾನೂನಿನಲ್ಲಿ ಅಂಥ ವ್ಯವಸ್ಥೆ ಇಲ್ಲದಿದ್ದರೆ ಒಪ್ಪಂದದ ಮಾತುಕತೆಯಲ್ಲಿ ಅದನ್ನು ನೀವೇ ತರಬೇಕು.

ತಿಂಗಳಿಗೆ ಇಷ್ಟು ಎಂದು ಒಪ್ಪಿಕೊಳ್ಳುವಾಗ ಬೆಲೆ ಏರಿಕೆಯನ್ನು ಮರೆಯುವವರೇ ಜಾಸ್ತಿ. ವರ್ಷಕ್ಕೆ ಶೇಕಡಾ 6ರಂತೆ ಬೆಲೆ ಏರಿದರೆ ಸುಮಾರು 12 ವರ್ಷದಲ್ಲಿ ದುಡ್ಡಿನ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಆರು ವರ್ಷದ ಮಗುವಿಗೆಂದು ಇವತ್ತು ನಿಗದಿಯಾದ ಮೊತ್ತ, ಆ ಮಗು ಕಾಲೇಜಿಗೆ ಹೋಗುವ ಹೊತ್ತಿಗೆ ಅರ್ಧವಾಗಿರುತ್ತದೆ. ಖರ್ಚು ಮಾತ್ರ ಆಗಲೇ ಏರುವುದು. ವರ್ಷಕ್ಕೆ ಇಷ್ಟು ಶೇಕಡಾ ಏರಿಕೆ ಎಂಬ ಒಂದು ಸಾಲು ಒಪ್ಪಂದದಲ್ಲಿರಲಿ. ಕಾಲೇಜಿನ ಖರ್ಚನ್ನು ಬೇರೆಯಾಗಿ ಬರೆಯಿರಿ. ಹಾಗೆಯೇ ಕೊಡುವವರು ನಾಳೆ ತೀರಿಕೊಂಡರೆ ಏನು ಎಂಬ ಪ್ರಶ್ನೆ. ಕೇಳಲು ಕಷ್ಟ, ಆದರೆ ಕೇಳಬೇಕು. ಅವರ ಹೆಸರಲ್ಲಿ ಒಂದು ಅವಧಿ ವಿಮೆ, ಅದರ ಹಣ ಮಕ್ಕಳಿಗೆ ಸೇರುವಂತೆ, ಕಂತು ಯಾರು ಕಟ್ಟುವುದು ಎಂಬುದೂ ಒಪ್ಪಂದದಲ್ಲೇ ಇದ್ದರೆ ಎರಡೂ ಕಡೆಗೆ ನೆಮ್ಮದಿ. ಒಂದೇ ಸಲ ಕೊಡುವ ಮೊತ್ತವೋ ತಿಂಗಳ ಹಣವೋ ಎನ್ನುವುದರ ಮೇಲೆ ತೆರಿಗೆಯೂ ಬದಲಾಗಬಹುದು. ಆ ನಿಯಮಗಳೂ ನಿಂತಲ್ಲಿ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಜೀವನಾಂಶ ಕೊಡುವವರಿಗೆ ಇದ್ದ ತೆರಿಗೆ ವಿನಾಯಿತಿ, 2018ರ ನಂತರದ ಒಪ್ಪಂದಗಳಿಗೆ ಇಲ್ಲವೇ ಇಲ್ಲ. ಸಹಿ ಹಾಕುವ ಮುಂಚೆ ವಕೀಲರ ಜೊತೆ ಒಬ್ಬ ಲೆಕ್ಕ ಪರಿಶೋಧಕರನ್ನೂ ಒಮ್ಮೆ ನೋಡುವುದು ಒಳ್ಳೆಯದು.

ತೀರ್ಪು ಬಂದ ಮೇಲೆ

ಅಕ್ಕನ ಒಪ್ಪಂದದಲ್ಲಿ ಮನೆ ಭಾವನಿಗೆ, ಸಾಲವನ್ನೂ ಅವರೇ ತೀರಿಸುವುದು ಎಂದಿತ್ತು. ಎಲ್ಲರೂ ಅದು ಮುಗಿಯಿತು ಎಂದುಕೊಂಡರು. ಆಮೇಲೆ ಭಾವನ ಕೆಲಸ ಹೋಯಿತು. ಕೆಲವು ಕಂತು ತಪ್ಪಿದವು. ಅಕ್ಕ ತನ್ನ ಕೆಲಸಕ್ಕೆ ಓಡಾಡಲು ಗಾಡಿ ಕೊಳ್ಳಬೇಕೆಂದು ಸಾಲಕ್ಕೆ ಅರ್ಜಿ ಹಾಕಿದಾಗ ಅದು ತಿರಸ್ಕಾರವಾಯಿತು. ಮನೆ ಸಾಲ ಕೊಟ್ಟ ಬ್ಯಾಂಕಿಗೆ ನಾವಿಬ್ಬರೂ ಹೋದೆವು. ಅಕ್ಕ ಡಿಕ್ರಿಯ, ಅಂದರೆ ಕೋರ್ಟಿನ ಡಿವೋರ್ಸ್ ಆದೇಶದ, ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದಿದ್ದಳು. ಅಲ್ಲಿದ್ದ ಅಧಿಕಾರಿ ಒಳ್ಳೆಯವರು. ಕೂರಿಸಿ, ಪೂರ್ತಿ ಓದಿದರು. ಆಮೇಲೆ ಹೇಳಿದರು: "ಮೇಡಂ, ಇದು ನಿಮ್ಮಿಬ್ಬರ ನಡುವಿನ ಮಾತು. ನಮ್ಮ ಕಾಗದದಲ್ಲಿ ಇಬ್ಬರ ಸಹಿ ಇದೆ. ಸಾಲ ತೀರೋ ತನಕ ನೀವೂ ಸಾಲಗಾರರೇ." ಅಕ್ಕ ಜಗಳವಾಡಲಿಲ್ಲ. ಡಿಕ್ರಿಯನ್ನು ಮತ್ತೆ ಕವರಿಗೆ ಹಾಕುತ್ತಾ, "ಹಾಗಾದರೆ ಇದನ್ನು ಮೊದಲೇ ಯಾರಾದರೂ ಹೇಳಬೇಕಿತ್ತಲ್ಲ ಸಾರ್" ಎಂದಳು. ಆ ಮಾತು ನನಗೆ ಈಗಲೂ ಕೇಳಿಸುತ್ತದೆ. ಕೋರ್ಟಿನಲ್ಲಿ, ವಕೀಲರ ಕಚೇರಿಯಲ್ಲಿ, ಮನೆಯಲ್ಲಿ ಅಷ್ಟು ಜನ ಇದ್ದರು. ಒಬ್ಬರೂ ಹೇಳಿರಲಿಲ್ಲ. ಜಂಟಿ ಸಾಲವನ್ನು ಡಿಕ್ರಿಗೆ ಮುಂಚೆಯೇ ತೀರಿಸಬೇಕು, ಇಲ್ಲವೇ ಬ್ಯಾಂಕಿನ ಒಪ್ಪಿಗೆಯಿಂದ ಒಬ್ಬರ ಹೆಸರಿಗೆ ವರ್ಗಾಯಿಸಬೇಕು, ಅದೂ ಆಗದಿದ್ದರೆ ಮನೆ ಮಾರಿ ಉಳಿದದ್ದನ್ನು ಹಂಚಿಕೊಳ್ಳಬೇಕು. ಮಾತಿನ ಭರವಸೆಗೆ, ಅದು ಎಷ್ಟು ಒಳ್ಳೆಯ ಮನುಷ್ಯನದ್ದಾದರೂ, ಕೆಲಸ ಹೋದ ತಿಂಗಳು ಬಲವಿರುವುದಿಲ್ಲ.

ನಾಮಿನಿಯ ಕತೆ ಇನ್ನೂ ಕಠಿಣ. ಅಮೆರಿಕದ ವಿಲಿಯಂ ಕೆನೆಡಿ ಡ್ಯುಪಾಂಟ್ ಕಂಪನಿಯ ಉದ್ಯೋಗಿ. 1994ರಲ್ಲಿ ಅವರ ಡಿವೋರ್ಸ್ ಆಯಿತು. ಗಂಡನ ನಿವೃತ್ತಿ ಹಣದ ಮೇಲೆ ತನಗೆ ಹಕ್ಕಿಲ್ಲ ಎಂದು ಹೆಂಡತಿ ಡಿಕ್ರಿಯಲ್ಲೇ ಒಪ್ಪಿದ್ದರು. ಆದರೆ ಕಂಪನಿಯ ಉಳಿತಾಯ ಯೋಜನೆಯ ಫಾರಂನಲ್ಲಿ ಅವರ ಹೆಸರು ಹಾಗೇ ಉಳಿಯಿತು. 2001ರಲ್ಲಿ ಕೆನೆಡಿ ತೀರಿಕೊಂಡಾಗ ಸುಮಾರು 4 ಲಕ್ಷ ಡಾಲರ್ ಮಾಜಿ ಹೆಂಡತಿಗೆ ಹೋಯಿತು. ಮಗಳು ಸುಪ್ರೀಂ ಕೋರ್ಟಿನ ತನಕ ಹೋದರು. 2009ರಲ್ಲಿ ನ್ಯಾಯಮೂರ್ತಿಗಳೆಲ್ಲ ಒಂದೇ ಮಾತು ಹೇಳಿದರು, ಫಾರಂನಲ್ಲಿ ಏನಿದೆಯೋ ಅದೇ ಸರಿ. ನಾಮಿನಿಗೆ ಎಷ್ಟು ಹಕ್ಕು ಎನ್ನುವುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಆದರೆ ಡಿವೋರ್ಸ್ ಆದ ಮೇಲೆ ವಿಮೆ, ಬ್ಯಾಂಕು, ಭವಿಷ್ಯ ನಿಧಿ, ಉಯಿಲು ಎಲ್ಲದರಲ್ಲೂ ಹೆಸರು ತಿದ್ದುವುದಕ್ಕೆ ಖರ್ಚೇನೂ ಇಲ್ಲದಷ್ಟು ಕಡಿಮೆ. ಆರೋಗ್ಯ ವಿಮೆಯನ್ನೂ ಅದೇ ದಿನ ನೋಡಿ. ಗಂಡನ ಅಥವಾ ಹೆಂಡತಿಯ ಕಂಪನಿಯ ವಿಮೆಯಲ್ಲಿದ್ದವರು ಡಿವೋರ್ಸ್ ಆದ ಮೇಲೆ ಹೊರಗೆ ಬೀಳುತ್ತಾರೆ, ಅದೂ ಮನಸ್ಸು ಮೈ ಎರಡೂ ದಣಿದ ಹೊತ್ತಿನಲ್ಲಿ.

ಲೆಕ್ಕ ಮುಗಿಸದೆ ಬಿಡುವುದು ಉದಾರತೆಯೂ ಅಲ್ಲ, ಸುರಕ್ಷಿತವೂ ಅಲ್ಲ ಎನ್ನುವುದಕ್ಕೆ ಇಂಗ್ಲೆಂಡಿನ ವಯಟ್ ಮತ್ತು ವಿನ್ಸ್ ಪ್ರಕರಣ ಇದೆ. ಕ್ಯಾಥ್ಲೀನ್ ವಯಟ್ ಮತ್ತು ಡೇಲ್ ವಿನ್ಸ್ 1992ರಲ್ಲಿ ಡಿವೋರ್ಸ್ ಪಡೆದಾಗ ಇಬ್ಬರ ಬಳಿಯೂ ಏನೂ ಇರಲಿಲ್ಲ. ಹಂಚಲು ಏನಿದೆ ಎಂದು ಹಣದ ಒಪ್ಪಂದವನ್ನು ಅಂತಿಮ ಮಾಡಿಕೊಳ್ಳಲೇ ಇಲ್ಲ. ಆಮೇಲೆ ಡೇಲ್ ವಿನ್ಸ್ ಗಾಳಿ ವಿದ್ಯುತ್ತಿನ ಕಂಪನಿ ಕಟ್ಟಿ ಕೋಟ್ಯಧಿಪತಿಯಾದರು. 2011ರಲ್ಲಿ, ಎರಡು ದಶಕದ ನಂತರ, ಕ್ಯಾಥ್ಲೀನ್ ಹಣಕ್ಕಾಗಿ ಅರ್ಜಿ ಹಾಕಿದರು. 2015ರಲ್ಲಿ ಸುಪ್ರೀಂ ಕೋರ್ಟ್ ಅದು ವಿಚಾರಣೆಗೆ ಅರ್ಹ ಎಂದಿತು. ಕೊನೆಗೆ 3 ಲಕ್ಷ ಪೌಂಡಿಗೆ ರಾಜಿಯಾಯಿತು. ಒಂಟಿಯಾಗಿ ಮಗನನ್ನು ಬೆಳೆಸಿದ ತಾಯಿಯ ಕಷ್ಟವೂ ನನಗೆ ಅರ್ಥವಾಗುತ್ತದೆ, ಮುಗಿಯಿತೆಂದುಕೊಂಡದ್ದು ಇಪ್ಪತ್ತು ವರ್ಷದ ನಂತರ ಬಾಗಿಲು ತಟ್ಟಿದಾಗಿನ ಗಾಬರಿಯೂ ಅರ್ಥವಾಗುತ್ತದೆ. ಏನೂ ಇಲ್ಲದಿದ್ದಾಗಲೂ, ಏನೂ ಇಲ್ಲ ಎಂದು ಬರೆದು ಕೋರ್ಟಿನ ಮುದ್ರೆ ಹಾಕಿಸಿಕೊಂಡಿದ್ದರೆ ಇಬ್ಬರಿಗೂ ತಾವು ಎಲ್ಲಿ ನಿಂತಿದ್ದೇವೆ ಎಂದು ಗೊತ್ತಿರುತ್ತಿತ್ತು.

ಭಾವನಿಗೆ ಮತ್ತೆ ಕೆಲಸ ಸಿಕ್ಕಿತು. ಅವರೂ ಅಕ್ಕನೂ ಬ್ಯಾಂಕಿನಲ್ಲಿ ಒಟ್ಟಿಗೆ ಕೂತು ಸಾಲವನ್ನು ಅವರೊಬ್ಬರ ಹೆಸರಿಗೆ ಮಾಡಿಸಿಕೊಂಡರು. ಅಕ್ಕ ಈಗ ತನ್ನ ಹಣದ ಲೆಕ್ಕವನ್ನು ತಾನೇ ಇಡುತ್ತಾಳೆ. ಬಳಗದಲ್ಲಿ ಯಾರ ಮನೆ ಒಡೆಯುವ ಸುದ್ದಿ ಬಂದರೂ ಹೋಗಿ ಪಕ್ಕದಲ್ಲಿ ಕೂರುತ್ತಾಳೆ. ಸಮಾಧಾನದ ಮಾತು ಆಮೇಲೆ, ಮೊದಲು ಕಾಗದ ತೆಗೆಯಲು ಹೇಳುತ್ತಾಳೆ. ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನುವ ಹೆಂಗಸರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದುಕೊಂಡು ಹೋಗುತ್ತಾಳೆ. 1987ರ ಕಾಯ್ದೆಯ ಪ್ರಕಾರ ಭಾರತದಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ಇದು ಗೊತ್ತಿಲ್ಲದವರೇ ಜಾಸ್ತಿ. ಡಿವೋರ್ಸ್‌ನ ಹೊಸ್ತಿಲಲ್ಲಿ ನಿಂತವರು ನಿಮ್ಮ ಮನೆಯಲ್ಲೂ ಇರಬಹುದು. ಅವರು ನನಗೇನೂ ಬೇಡ ಎಂದಾಗ ಮೆಚ್ಚಿ ತಲೆಯಾಡಿಸುವ ಬದಲು, ಸಾಲದಲ್ಲಿ ನಿನ್ನ ಸಹಿ ಇದೆಯಾ ಎಂದು ಒಮ್ಮೆ ಕೇಳಿ ನೋಡಿ.